ಎಲೆಯ ಮೇಲೆ ಕೂತ ಇನ್ನಾಸಿ

ಇದ್ದಳು ಒಬ್ಬ ತಾಯಿ, ಆರೋಗ್ಯಮ್ಮ. ಇದ್ದ ಅವಳಿಗೊಬ್ಬ ಮಗ, ಇನ್ನಾಸಿ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಊರಿನ ಪುಟ್ಟ ಮಕ್ಕಳೆಲ್ಲ ಚರ್ಚಿನಲ್ಲಿ ಮೊದಲ ಪ್ರಸಾದದ ರೊಟ್ಟಿ ತೆಗೆದುಕೊಂಡಾಯಿತು, ಇನ್ನಾಸಿಗೆ ಮಾತ್ರ ಇಲ್ಲ. ವರ್ಷವರ್ಷವೂ ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿ ಚೌರಪ್ಪ ಅಡ್ಡ ಬರುತ್ತಿದ್ದ.

“ದೇವರ ರೊಟ್ಟಿಗೂ ಮನೆ ಮುದ್ದೆಗೂ ವ್ಯತ್ಯಾಸ ತಿಳೀದವನಿಗೆ ಹೇಗಮ್ಮ ಕೊಡೋದು?”

“ನಾನು ಕಣ್ಣು ಮುಚ್ಚೋದರೊಳಗೆ ಒಂದು ಸಲ ಕೊಡಿಸಪ್ಪ!”

“ಈ ಈಸ್ಟರಿಗೆ ನೋಡೋಣ. ಅಲ್ಲೀತನಕ ಪಾದ್ರಿ ಸ್ವಾಮಿಯವರ ಪ್ರಸಂಗ ಸರಿಯಾಗಿ ಕೇಳಲಿ.”

ಇನ್ನಾಸಿ ಕೇಳಿದ. ಸರಿಯಾಗೇ ಕೇಳಿದ!

ಆ ಭಾನುವಾರ ಪಾದ್ರಿ ಸ್ವಾಮಿಯವರು, ನೀವೆಲ್ಲ ಈ ಲೋಕಕ್ಕೆ ಉಪ್ಪಿನ ಹಾಗೆ, ಕರಗಿ ರುಚಿ ಕೊಡಬೇಕು ಎಂದರು. ಇನ್ನಾಸಿ ನೆಟ್ಟಗೆ ಪಕ್ಕದ ಮನೆ ಲೂರ್ದಮ್ಮನ ಅಡಿಗೆಮನೆಗೆ ಹೋದ. ಮಜ್ಜಿಗೆ ಗಡಿಗೆಗೆ ಮೊಣಕೈತನಕ ಕೈ ಅದ್ದಿ ಕೂತ.

“ಏಯ್, ತೆಗಿಯೋ ಕೈನ!”

“ತಡಿಯಕ್ಕ, ಇನ್ನೂ ಕರಗಿಲ್ಲ!”

ಲೂರ್ದಮ್ಮ ಸೌಟು ಹಿಡಿದು ಮನೆತನಕ ಅಟ್ಟಿಸಿಕೊಂಡು ಬಂದಳು. ಆರೋಗ್ಯಮ್ಮ ತಲೆ ಚಚ್ಚಿಕೊಂಡಳು. “ಅಯ್ಯೋ ಪೆದ್ದ! ದೇವರ ಮಾತನ್ನ ಕಂಡವರ ಗಡಿಗೆಗೆ ಹಾಕ್ತಾರೇನೋ? ಎದೆಯೊಳಗೆ ಇಟ್ಕೋಬೇಕು!”

“ಹೂಂ ಕಣವ್ವ, ಎದೆಯೊಳಗೆ!”

ಮುಂದಿನ ಭಾನುವಾರ ಸ್ವಾಮಿಯವರು, ಹೊಟ್ಟೆಗೆ ಮುದ್ದೆ ಹೇಗೋ ಜೀವಕ್ಕೆ ದೇವರ ಮಾತು ಹಾಗೆ, ದೇವರ ಮಾತೇ ನಿಜವಾದ ಮುದ್ದೆ ಎಂದರು. ಇನ್ನಾಸಿ ಮನೆಗೆ ಬಂದ. ಅವ್ವ ಆಗಷ್ಟೇ ಮುದ್ದೆ ಕಟ್ಟಿಟ್ಟಿದ್ದಳು, ಹೊಗೆಯಾಡುತ್ತಿತ್ತು. ಎತ್ತಿದ, ಅಂಗಿಯೊಳಗೆ ಇಳಿಸಿಯೇಬಿಟ್ಟ!

“ಉರೀ! ಉರೀ! ದೇವರ ಮಾತು ಸುಡ್ತದೆ ಕಣವ್ವ!”

ಆರೋಗ್ಯಮ್ಮ ಸುಟ್ಟ ಬೊಬ್ಬೆಗೆ ಬೆಣ್ಣೆ ಹಚ್ಚುತ್ತಾ ಬೈದಳು, ಬೈಯುತ್ತಾ ಅತ್ತಳು. “ಅಯ್ಯೋ ಪೆದ್ದ! ಎದೆಯಲ್ಲಿ ಬಚ್ಚಿಟ್ಟರೆ ಯಾರ ಹೊಟ್ಟೆ ತುಂಬ್ತದೋ? ಹಸಿದವರ ಎಲೆ ಮೇಲೆ ಇಡಬೇಕು!”

“ಹೂಂ ಕಣವ್ವ, ಎಲೆ ಮೇಲೆ!”

ಈಸ್ಟರ್ ಬಂತು. ಚೌರಪ್ಪ ಗಡಿಗೆ ಕತೆ, ಮುದ್ದೆ ಕತೆ ಎರಡನ್ನೂ ಸ್ವಾಮಿಯವರ ಕಿವಿಗೆ ಹಾಕಿದ್ದ. ಪೂಜೆಗೆ ಮುಂಚೆ ಸ್ವಾಮಿಯವರು ಇನ್ನಾಸಿಯನ್ನು ಕರೆದರು. ಆರೋಗ್ಯಮ್ಮ ಕಂಬದ ಮರೆಯಲ್ಲಿ ಕಿವಿಗೊಟ್ಟು ನಿಂತಳು.

“ಮನೆ ಮುದ್ದೆಗೂ ಇಲ್ಲಿನ ರೊಟ್ಟಿಗೂ ಏನಪ್ಪ ವ್ಯತ್ಯಾಸ?”

“ಮುದ್ದೆ ಅವ್ವ ಕೊಡ್ತಾಳೆ ಸ್ವಾಮಿ. ಇದನ್ನ ನೀವು ಕೊಡಲ್ಲ.”

ಆರೋಗ್ಯಮ್ಮ ಕಣ್ಣು ಮುಚ್ಚಿಕೊಂಡಳು. ಸ್ವಾಮಿಯವರು ಇನ್ನಾಸಿಯ ಹೆಗಲ ಮೇಲೆ ಕೈಯಿಟ್ಟರು.

“ಕೊಡ್ತೀನಿ ಮಗು. ಒಂದು ಮಾತು ಕೇಳು. ಮುದ್ದೆ ತಿಂದರೆ ಅದು ನೀನಾಗ್ತದೆ. ಇದನ್ನ ತಿಂದರೆ ನೀನು ಇದಾಗಬೇಕು, ಹಸಿದವರಿಗೆ ನೀನೇ ರೊಟ್ಟಿಯಾಗಬೇಕು.”

“ಆಗ್ತೀನಿ ಸ್ವಾಮಿ!”

ಪೂಜೆಯಲ್ಲಿ ಕೊಟ್ಟರು. ಕೈ ಜೋಡಿಸಿ, ತಲೆ ಬಾಗಿಸಿ, ಒಂದು ತಪ್ಪೂ ಇಲ್ಲದೆ ತಿಂದ. ಆರೋಗ್ಯಮ್ಮನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಓಡಿದಳು, ಮಗನಿಗೆ ಬಾಳೆ ಎಲೆ ಹಾಸಿದಳು, ಹಬ್ಬದ ಅನ್ನ ಸಾರು ತರಲು ಒಳಗೆ ಹೋದಳು. ಬಂದು ನೋಡುತ್ತಾಳೆ, ಮಗನೂ ಇಲ್ಲ, ಎಲೆಯೂ ಇಲ್ಲ!

ಹಿಡಿದ ಪಾತ್ರೆ ಹಿಡಿದ ಹಾಗೇ ಚರ್ಚಿನ ಕಡೆ ಓಡಿದಳು. ಬಾಗಿಲಲ್ಲಿ ತಿರಿದು ತಿನ್ನುವ ಮುದುಕಿಯ ಮುಂದೆ ಎಲೆ. ಎಲೆಯ ಮೇಲೆ ಚಕ್ಕಳಮಕ್ಕಳ ಹಾಕಿ ಇನ್ನಾಸಿ!

“ನೋಡವ್ವ ನಿನ್ನ ಮಗನ್ನ! ತಿನ್ನು ತಿನ್ನು ಅಂತ ಜೀವ ತಿಂತಾನೆ!” ಎಂದಳು ಮುದುಕಿ.

ಸ್ವಾಮಿಯವರ ಜೊತೆ ಹೊರಗೆ ಬಂದ ಚೌರಪ್ಪ ಕೆಂಡವಾದ. “ನೋಡಿದಿರಾ ಸ್ವಾಮಿ? ನಾನು ಹೇಳಿರಲಿಲ್ಲವೇ?”

“ಹೇಳಿದ್ದು ನಾನು, ಚೌರಪ್ಪ” ಎಂದರು ಸ್ವಾಮಿಯವರು. “ಕೇಳಿದ್ದು ಅವನೊಬ್ಬ.”

ಆರೋಗ್ಯಮ್ಮ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಬುದ್ಧಿಮಾತೂ ಬರಲಿಲ್ಲ. ಮಗನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲೆಯಲ್ಲಿ ಉಳಿದ ಜಾಗಕ್ಕೆ ಅನ್ನ ಬಡಿಸಿದಳು, ಸಾರು ಸುರಿದಳು. ಮುದುಕಿ ಗಬಗಬ ತಿನ್ನತೊಡಗಿದಳು.

ಇನ್ನಾಸಿ ಒಂದು ಸಲ ಅನ್ನ ನೋಡಿದ, ಒಂದು ಸಲ ತನ್ನನ್ನು ನೋಡಿಕೊಂಡ, ಮುಖ ಸಪ್ಪಗೆ ಮಾಡಿದ.

“ಅವ್ವ, ನನಗೆ ಉಪ್ಪು ಕಮ್ಮಿ ಆಗಿರಬೇಕು ಕಣೆ!”