ಕರಡಿಯಣ್ಣನ ವಿಚಾರಣೆ

ಆ ದಟ್ಟ ಕಾಡಿಗೆಲ್ಲ ಇದ್ದದ್ದು ಒಂದೇ ದಿನಸಿ ಅಂಗಡಿ, ಅದು ಕರಡಿಯದು. ಬಂದವರನ್ನೆಲ್ಲ ವಿಚಾರಿಸುವುದು ಕರಡಿಯ ಅಭ್ಯಾಸ. ಕಾಡಿಗೆ ಹೊಸದಾಗಿ ಬಂದ ಮುಂಗುಸಿಯನ್ನೂ, "ಮನೆ ಎಲ್ಲಿ? ಜೊತೆಗೆ ಯಾರಿದ್ದಾರೆ? ಈ ಉಪ್ಪು ಎಷ್ಟು ದಿನಕ್ಕೆ ಬರುತ್ತದೆ?" ಎಂದು ಕೇಳಿತು.

"ಎಂಟು ದಿನಕ್ಕೆ. ಮಿಕ್ಕಿದ್ದು ನಿಮಗೇಕೆ, ಕರಡಿಯಣ್ಣ?" ಎಂದು ಸಿಡುಕಿದ ಮುಂಗುಸಿ, ಉಪ್ಪಿನ ಪೊಟ್ಟಣ ಹಿಡಿದು ಹೊರಟುಹೋಯಿತು.

ವಾರ ಕಳೆಯುವಷ್ಟರಲ್ಲಿ ಗುಡ್ಡದಿಂದ ಬಂಡೆಯೊಂದು ಉರುಳಿ ಬಂದು ಮುಂಗುಸಿಯ ಬಿಲದ ಬಾಯಿಗೆ ಕೂತುಬಿಟ್ಟಿತು. ಒಳಗಿನಿಂದ ಎಷ್ಟು ತಳ್ಳಿದರೂ ಕದಲಲಿಲ್ಲ. ಕೂಗಿ ಕೂಗಿ ಮುಂಗುಸಿಯ ಗಂಟಲು ಕಟ್ಟಿತು. ಮೂರನೆಯ ದಿನ ಹೊರಗೆ ಏದುಸಿರು ಕೇಳಿಸಿತು, ಬಂಡೆ ಪಕ್ಕಕ್ಕೆ ಸರಿಯಿತು. ಎದುರಿಗೆ ಕರಡಿ ನಿಂತಿತ್ತು.

"ನನ್ನ ಮನೆ ಯಾರಿಗೂ ಗೊತ್ತಿಲ್ಲವಲ್ಲ! ನೀವು ಹೇಗೆ ಬಂದಿರಿ?"

"ಹತ್ತು ದಿನವಾದರೂ ನೀನು ಉಪ್ಪಿಗೆ ಬರಲಿಲ್ಲ. ಏನಾಯಿತೋ ಎಂದು ದಾರಿಯಲ್ಲಿ ಸಿಕ್ಕ ಅಳಿಲನ್ನು, ಮೊಲವನ್ನು, ಕಡೆಗೆ ಇರುವೆಗಳನ್ನೂ ಕೇಳಿಕೊಂಡು ಬಂದೆ."

ಮುಂಗುಸಿ ಮೈಮೇಲಿನ ಮಣ್ಣು ಕೊಡವಿಕೊಂಡಿತು. ಆಮೇಲೆ, "ಅಂಗಡಿ ಬಿಟ್ಟು ಬಂದಿದ್ದೀರಲ್ಲ, ಅಲ್ಲಿ ಈಗ ಯಾರಿದ್ದಾರೆ?" ಎಂದು ಕೇಳಿತು.