ಕಾಲಿಗಿಳಿದ ತೇಜಸ್ಸು

ಹೊಳೆದಂಡೆಯ ಮಠದಲ್ಲಿ ಎಳೆಯ ಶಿಷ್ಯ ಗುರುಪಾದನ ವ್ರತ ಮೂರನೇ ತಿಂಗಳಿಗೆ ಬಿದ್ದಿತ್ತು. ಉಪ್ಪು ಹಾಕಿದ ತಿಳಿಗಂಜಿ, ಅಷ್ಟೇ. ಕಾಳಿಲ್ಲ, ಹಾಲಿಲ್ಲ, ಮೊಸರಿಲ್ಲ. ಗುರುಗಳಾದ ಶಾಂತವೀರಜ್ಜಾರು ಯಾತ್ರೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ದೊಡ್ಡ ಸಾಧಕ ಅನ್ನಿಸಿಕೊಳ್ಳಬೇಕೆಂದು ಅವನಿಗೆ ಹಟ.

ದಿನವೂ ಮಠಕ್ಕೆ ಮೊಸರು ತರುವ ನೀಲವ್ವ ಒಂದು ಬೆಳಿಗ್ಗೆ ಅವನ ಮುಖ ನೋಡಿ ಅಡ್ಡಬಿದ್ದಳು.

"ಯಪ್ಪಾ, ಏನು ತೇಜಸ್ಸು! ಮಾರಿ ಹೆಂಗ ತುಂಬಕೊಂಡೈತಿ!"

ಗುರುಪಾದ ಹಿಗ್ಗಿಹೋದ. ಸಂಜೆ ಹೊತ್ತಿಗೆ ಮರದ ಹಾವುಗೆ ಕಾಲಿಗೆ ಹಿಡಿಸುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಂದೇ ಸಂಜೆ ಅಜ್ಜಾರು ಬಂದರು. ಕಾಲಿಗೆರಗಿದವನನ್ನು ಎಬ್ಬಿಸಿ ಮುಖ ನೋಡಿದರು, ಆಮೇಲೆ ಕಾಲು ನೋಡಿದರು.

"ಇದೇನೋ ಇದು?"

"ವ್ರತದ ತೇಜಸ್ಸು ಅಂತಾರ್ರೀ ಅಜ್ಜಾರ."

"ಮುಂಜಾನೆ ಮಾರಿಯೊಳಗ ಇದ್ದದ್ದು ಸಂಜೀಕ ಕಾಲಿಗೆ ಇಳೀತೈತೇನು?"

"ಹೌದ್ರೀ."

"ಛಲೋ ತೇಜಸ್ಸು ಬಿಡು!"

ಅವನನ್ನು ಕೂರಿಸಿ, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ನೀರು," ಎಂದರು ಅಜ್ಜಾರು.

"ಹಂಗಾದರ ನೀರು ಕುಡಿಯೋದು ಬಿಡತೀನ್ರೀ."

"ಮತ್ತೊಂದು ವ್ರತ! ನಾಲಿಗಿ ತೋರಸು."

ನಾಲಿಗೆ ಒಣಗಿತ್ತು.

ಅಜ್ಜಾರು ಎರಡು ತಂಬಿಗೆಗಳ ಬಾಯಿಗೆ ಅರಿವೆ ಕಟ್ಟಿದರು. ಒಂದರ ಮೇಲೆ ಅವನ ಗಂಜಿ ಹೊಯ್ದರು. ಸರ್ರನೆ ಕೆಳಗಿಳಿಯಿತು. ಇನ್ನೊಂದರ ಮೇಲೆ ನೀಲವ್ವನ ಗಟ್ಟಿ ಮೊಸರು ಹಾಕಿದರು. ಅದು ಹನಿ ಹನಿ ಬಿಟ್ಟರೂ ಹೆಚ್ಚಿನ ನೀರನ್ನು ಹಿಡಿದುಕೊಂಡು ಕೂತಿತು.

"ರಕ್ತನಾಳಾನೂ ಇಂಥಾ ಒಂದು ಅರಿವಿ. ಕಾಳು, ಬ್ಯಾಳಿ, ಹಾಲು ರಕ್ತಕ್ಕ ಸತ್ವ ಕೊಡತಾವ. ಆ ಸತ್ವ ನೀರನ್ನ ಒಳಗ ಹಿಡೀತೈತಿ. ಅವನ್ನ ನೀ ಬಿಟ್ಟಿ, ನೀರು ಮಾಂಸದೊಳಗ ಸೋರಿತು. ರಕ್ತ ಬತ್ತಾಕ ಹತ್ತೇತಿ ಅಂತ ಮೂತ್ರಪಿಂಡ ಉಪ್ಪು, ನೀರು ಎರಡನ್ನೂ ಹೊರಗ ಬಿಡಲಿಲ್ಲ. ಹಿಡಿದದ್ದೂ ಸೋರಿತು."

ಗುರುಪಾದ ತನ್ನ ಕಾಲನ್ನು ತಾನೂ ಒತ್ತಿ ನೋಡಿಕೊಂಡ.

"ನಾಳೆ ಡಾಕ್ಟರಿಗೆ ತೋರಸೋಣು. ಹೃದಯ ಸೋತರೂ, ಮೂತ್ರಪಿಂಡ ಕೆಟ್ಟರೂ ಹಿಂಗ ಬಾವು ಬರತೈತಿ. ಆದರ ಈ ವ್ರತ ಇವತ್ತಿಗೇ ಸಾಕು. ಇಲ್ಲಾಂದ್ರ ಜೀವಕ್ಕ ಕುತ್ತು."

"ವ್ರತ ಮುರದರ ಜನ ನಗತಾರ್ರೀ ಅಜ್ಜಾರ." ಅವನು ಅತ್ತೇಬಿಟ್ಟ.

"ಸತ್ತರ ಸಮಾಧಿ ಮ್ಯಾಲ ಗದ್ದಿಗಿ ಕಟ್ಟತಾರ. ಯಾವುದು ಬೇಕು, ಹೇಳು."

ಗುರುಪಾದ ಅಳುತ್ತಲೇ ಅರಿವೆಯ ಮೇಲಿನ ಮೊಸರಿಗೆ ಕೈ ಹಾಕಿದ.

"ಸಾವಕಾಶ," ಎಂದರು ಅಜ್ಜಾರು. "ಸ್ವಲ್ಪ ಸ್ವಲ್ಪ ತಿನ್ನು."

ಮರುದಿನ, ಹೃದಯ, ಮೂತ್ರಪಿಂಡ ನೆಟ್ಟಗಿವೆ, ಊಟವೇ ಔಷಧಿ ಅಂದರು ಡಾಕ್ಟರು. ಉಪ್ಪು ಕಡಿಮೆ ಮಾಡಿಸಿದರು. ಬರಬರುತ್ತ ಬಾವು ಇಳಿಯಿತು, ಹಾವುಗೆ ಮತ್ತೆ ಕಾಲಿಗೆ ಹಿಡಿಸಿತು. ಆದರೆ ಕೆನ್ನೆ ಗುಳಿಬಿದ್ದು, ಅಷ್ಟು ದಿನ ನೀರಿನಡಿ ಮುಚ್ಚಿದ್ದ ಎಲುಬುಗಳೆಲ್ಲ ಎದ್ದು ಕಂಡವು.

ಮೊಸರು ತಂದ ನೀಲವ್ವ ಬಹುದಿನಗಳ ಮೇಲೆ ಅವನ ಮುಖ ನೋಡಿ ಗಾಬರಿಯಾದಳು.

"ಅಯ್ಯ ನಮ್ಮವ್ವ! ಆ ತೇಜಸ್ಸೆಲ್ಲ ಎಲ್ಲಿ ಹೋತ್ರೀ ಅಜ್ಜಾರ?"

ಗುರುಪಾದ ತಲೆ ತಗ್ಗಿಸಿದ.

"ನೀರಾಗಿ ಬಚ್ಚಲಕ್ಕ ಹೋತವ್ವ," ಎಂದರು ಅಜ್ಜಾರು. "ನಮ್ಮ ಹುಡುಗ ತಿರುಗಿ ಬಂದಾನ. ಅವಂಗ ಇಷ್ಟು ಮೊಸರು ಹಾಕು."