ಹೊಳೆದಡದ ಮರ್ಯಾದೆ

"ಗುರುಗಳೇ, ನಾಳೆ ಪರನಾಡಿಗೆ ಹೊರಟಿದ್ದೇನೆ. ಅಲ್ಲಿನವರ ರೀತಿನೀತಿಗಳನ್ನೆಲ್ಲ ಕಲಿತುಬಿಟ್ಟರೆ ಅವರಿಗೆ ನನ್ನ ಮನಸ್ಸು ಅರ್ಥವಾದೀತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಬ್ಬ ನೇಕಾರ ಹೆಂಡತಿ ಸತ್ತ ಮೇಲೆ ಕೂಸನ್ನೆತ್ತಿಕೊಂಡು ಹೊಳೆದಡದ ಅಂಬಿಗರ ಊರಿಗೆ ಬಂದು ನೆಲೆಸಿದ. ಬಂದ ಹೊಸತರಲ್ಲಿ ದೋಣಿ ಬೇಕಾಯಿತು. ತನ್ನ ಊರಿನ ಅಭ್ಯಾಸದಂತೆ ದಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. ಊರಿಗೆ ಊರೇ ಎದೆ ಬಡಿದುಕೊಳ್ಳುತ್ತ ಓಡಿ ಬಂತು. ಆ ಊರಿನವರು ಹೊಳೆಯತ್ತ ಕೂಗುವುದು ನೀರುಪಾಲಾದವರಿಗಾಗಿ ಅಳುವಾಗ ಮಾತ್ರ. ದೋಣಿ ಬೇಕಾದವರು ನೀರಿಗೆ ಕಾಲು ಇಳಿಬಿಟ್ಟು ಸುಮ್ಮನೆ ಕೂರಬೇಕು; ಅಂಬಿಗ ತಾನೇ ಬರುತ್ತಾನೆ. ವಿಷಯ ತಿಳಿದಾಗ ನೇಕಾರನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇನ್ನೆಂದೂ ಕೂಗೆನೆಂದು ನಿಶ್ಚಯಿಸಿ ಮಗ್ಗದ ಮುಂದೆ ಕೂತ. ಬಹಳ ಕಾಲ ಅವನಿಗೆ ದೋಣಿಯ ಅಗತ್ಯವೇ ಬೀಳಲಿಲ್ಲ.

ಒಂದು ಬೆಳಿಗ್ಗೆ ಕೂಸಿನ ಮೈ ಕೆಂಡದಂತೆ ಸುಡತೊಡಗಿತು. ಮದ್ದು ಕೊಡುವ ಮುದುಕಿ ಇದ್ದದ್ದು ಆಚೆ ದಡದಲ್ಲಿ. ದೋಣಿಗಳೆಲ್ಲ ಮೀನಿಗೆ ಹೋಗಿದ್ದವು. ಆಚೆ ದಡದಲ್ಲಿ ಒಬ್ಬ ಅಂಬಿಗ ಮಾತ್ರ ತನ್ನ ದೋಣಿ ಕಟ್ಟಿ ಬಲೆ ಹೆಣೆಯುತ್ತಿದ್ದ. ನೇಕಾರ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೀರಿಗೆ ಕಾಲು ಇಳಿಬಿಟ್ಟು ಕೂತ. ಅಂಬಿಗ ಅವನನ್ನು ನೋಡಿ ಕೈಯೆತ್ತಿದ. ಇವನೂ ಕೈಯೆತ್ತಿದ. ಇನ್ನೇನು ಬಂದೇಬಿಡುತ್ತಾನೆ ಎಂದುಕೊಂಡ. ಅಂಬಿಗ ಮತ್ತೆ ಬಲೆಗೆ ತಲೆ ಬಗ್ಗಿಸಿದ. ಬಿಸಿಲೇರಿತು. ಕೂಗಲೆಂದು ನೇಕಾರ ಬಾಯಿ ತೆರೆದ. ಬದುಕಿರುವ ಕೂಸಿನ ಮೇಲೆ ಸಾವಿನ ಕೂಗು ಕೂಗಲೇ ಎಂದು ಹೆದರಿ ಮುಚ್ಚಿಕೊಂಡ. ಹೊತ್ತು ಇಳಿಯುವಾಗ ಕೂಸಿನ ಮೈ ತಣ್ಣಗಾಯಿತು. ಜ್ವರ ಬಿಟ್ಟಿತೆಂದು ಆ ಮಂಕು ತಂದೆ ಹಿಗ್ಗಿದ. ಆಮೇಲೆ ಮೂಗಿನ ಬಳಿ ಬೆರಳಿಟ್ಟು ನೋಡಿದ.

ಕೆಲಸ ಮುಗಿಸಿ ಬಂದ ಅಂಬಿಗ ದೋಣಿಯಿಂದಿಳಿದು ಕೂಸನ್ನು ಕಂಡು ಕುಸಿದ. "ಅಯ್ಯೋ, ಒಂದು ಕೂಗು ಹಾಕಬಾರದಿತ್ತೇನಣ್ಣ?"

"ಕಾಲಿಳಿಬಿಟ್ಟು ಕೂತಿದ್ದೆನಲ್ಲಪ್ಪ. ನೀನು ನೋಡಲಿಲ್ಲವೇ?"

"ನೋಡ್ದೆ. ಅದು ನಮ್ಮ ಪದ್ಧತಿ. ನೀನು ಬೇರೆ ಸೀಮೆಯವನು, ಬೇಕಾದ್ರೆ ಕೂಗ್ತೀಯ, ಇನ್ಮೇಲೆ ಅದಕ್ಕೆ ಯಾರೂ ಬೇಜಾರು ಮಾಡ್ಕೋಬಾರ್ದು ಅಂತ ಊರೋರೆಲ್ಲ ಮಾತಾಡ್ಕೊಂಡಿದ್ವಿ. ಗಾಳಿಗೆ ಕೂತಿದ್ದೀಯ ಅಂದ್ಕೊಂಡೆ. ಆದ್ರೂ ಬೆಳಗಿಂದ ನಿನ್ನ ಕಡೇನೇ ಕಿವಿ ಇಟ್ಟಿದ್ದೆ ಕಣಣ್ಣ."

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ತಪ್ಪು ಯಾರದು, ಗುರುಗಳೇ?"

"ಇಬ್ಬರಲ್ಲಿ ಒಬ್ಬನಾದರೂ ತಪ್ಪು ಮಾಡಿದ್ದರೆ ಕೂಸು ಉಳಿಯುತ್ತಿತ್ತು."